ಸೋಮವಾರ ನಿಂತ ಮಗ್ಗಗಳು

ಅಪ್ಪಾ,

ತೀರಿಹೋದ ನಿಮಗೆ ಬರೆಯುವುದು ಹುಚ್ಚುತನ. ಆದರೂ ಇಂದಿನ ಸುದ್ದಿ ನಿಮಗೇ ಹೇಳಬೇಕು.

ಹನ್ನೂರಿನಲ್ಲಿ ಜೋಳದ ರಾಶಿಯ ಗಡಿಬಿಡಿಯಿದ್ದರೂ ಸೋಮವಾರ ನೀವು ಎತ್ತು ಹೂಡುತ್ತಿರಲಿಲ್ಲ. ಅವುಗಳ ಜೊತೆ ನೀವೂ ಕೆಲಸ ಬಿಟ್ಟು ಮಕ್ಕಳೊಡನೆ ಕೂಡುತ್ತಿದ್ದಿರಿ. ಅಂಥ ಗಟ್ಟಿತನವನ್ನು ನಾನು ಇಂದು ಮತ್ತೊಬ್ಬರಲ್ಲಿ ಕಂಡೆ.

ಸೊಲ್ಲಾಪುರದ ನಮ್ಮ ಮಗ್ಗಗಳಿಗೆ ವಾರವೆಲ್ಲ ಕೆಲಸ. ಇಂದು ಸೊಸೆ ಮಲಕಮ್ಮ ನೇಯುವವರನ್ನೆಲ್ಲ ಮನೆಗೆ ಕಳಿಸಿಬಿಟ್ಟಳು. ಅಷ್ಟರಲ್ಲಿ ಲಗ್ನದ ಸೀರೆಗಳಿಗೆ ಅವಸರ ಮಾಡುತ್ತ ವ್ಯಾಪಾರಿ ಬಂದ.

“ಇವತ್ತ ಸೋಮವಾರ ರೀ. ಎತ್ತಿಗೆ ಸೂಟಿ ಐತಿ, ಮನಷ್ಯಾಗ ಬ್ಯಾಡೇನ್ರಿ?” ಎಂದಳು.

“ಹಂಗಾದ್ರ ಆರ್ಡರ್ ಬ್ಯಾರೇದವ್ರಿಗೆ ಕೊಡ್ತೀನಿ.”

“ಕೊಡ್ರಿ. ನಾಳಿಗಿ ಬಂದ್ರ ಚಹಾ ಕುಡೀರಿ, ಇವತ್ತಂತೂ ನೂಲ ಮುಟ್ಟಂಗಿಲ್ಲ.”

ಅವನು ನನ್ನ ಮುಖ ನೋಡಿದ. ಈ ಮನೆಯಲ್ಲಿ ಕಡೆಯ ಮಾತು ನನ್ನದೆಂದು ಅವನಿಗೆ ಗೊತ್ತು.

“ಸೊಸಿ ಹೇಳಿದ್ದು ಕೇಳಿಸ್ತಲ್ಲ?” ಎಂದೆ.

ಆರ್ಡರ್ ಹೋಯಿತು. ಮಲಕಮ್ಮ ಅಂಜಲಿಲ್ಲ, ಮಕ್ಕಳಿಗೆ ಎಣ್ಣೆ ಹಚ್ಚುತ್ತ ಕೂತಳು. ನಿಮ್ಮನ್ನೇ ನೋಡಿದಂತಾಯಿತು.

“ಒಂದು ಸೋಮವಾರ ಬಂದು ಹೋಗು” ಎಂದು ನೀವು ಪ್ರತಿ ಪತ್ರದಲ್ಲೂ ಬರೆಯುತ್ತಿದ್ದಿರಿ. ಮಗ್ಗ ಬಿಟ್ಟು ನಾನು ಒಮ್ಮೆಯೂ ಬರಲಿಲ್ಲ. ಮಧ್ಯಾಹ್ನ ಕೈ ಖಾಲಿಯಾದಾಗ ಹನ್ನೂರಿನ ಬಸ್ಸು ಯಾವಾಗ ಎಂದು ಕೇಳಿದೆ. ಮಲಕಮ್ಮ ಎಣ್ಣೆಯ ಕೈ ಒರೆಸಿಕೊಂಡು, “ಅಲ್ಲಿ ಈಗ ಯಾರದಾರ್ರಿ ಅತ್ತಿ?” ಎಂದಳು.

ನಿಮ್ಮ ಮಗಳು
ಗುರಮ್ಮ