ನೆಲಕ್ಕೆ ಸಮವಾದ ಹೊಸಿಲು

ಕಳಲೆ,
12-2-2025, ಬುಧವಾರ

ಪ್ರೀತಿಯ ಯಜಮಾನರಿಗೆ, ನಿಮ್ಮ ಮಂಗಳ ಮಾಡುವ ನಮಸ್ಕಾರಗಳು.

ಬೆನ್ನು ನೋವು ಹೇಗಿದೆ? ಒಂದೇ ಮಗ್ಗುಲಲ್ಲಿ ಮಲಗಿ ಹುಣ್ಣು ಮಾಡಿಕೊಳ್ಳಬೇಡಿ. ಎರಡು ಗಂಟೆಗೊಮ್ಮೆ ಹೊರಳಿಸಲು ಪುನರ್ವಸತಿ ಕೇಂದ್ರದ ನರ್ಸಮ್ಮನಿಗೆ ಬಾಯಿಬಿಟ್ಟು ಹೇಳಿ, ನಿಮ್ಮ ಸಂಕೋಚ ನನಗೆ ಗೊತ್ತಿಲ್ಲವೇ. ನಾವೆಲ್ಲ ಚೆನ್ನಾಗಿದ್ದೇವೆ. ಮಗಳು ಮಧುಶ್ರೀ ಪರೀಕ್ಷೆಗೆ ಓದುತ್ತಿದ್ದಾಳೆ, ಸೀಮೆಹಸು ಹೆಣ್ಣುಕರು ಹಾಕಿದೆ. ಫೋನಿನಲ್ಲಿ ಹೊಸ ಮನೆಯ ಮಾತು ಎತ್ತಿದರೆ ಸಾಕು, "ಆಮೇಲ್ ಮಾಡ್ತೀನಿ" ಅಂತ ಇಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ಇಡುವುದಕ್ಕೆ ಬರುವುದಿಲ್ಲವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪೂರ್ತಿ ಓದಿ.

ತೆಂಗಿನ ಮರದಿಂದ ಬಿದ್ದು ಕಾಲು ಸ್ವಾಧೀನ ತಪ್ಪುವ ಮುಂಚೆ ನೀವು ಮಧುಶ್ರೀಯ ನೋಟ್‌ಬುಕ್ಕಿನಲ್ಲಿ ಬರೆದಿದ್ದ ಪ್ಲ್ಯಾನನ್ನು ಬದಲಾಯಿಸಿದ್ದೇನೆ. ನಿಮ್ಮದರಲ್ಲಿ ಬಾಗಿಲಿಗೆ ಐದು ಮೆಟ್ಟಿಲು, ನಮ್ಮ ಕೋಣೆ ಮಹಡಿಯ ಮೇಲೆ, ಬಚ್ಚಲು ಹಿತ್ತಲಲ್ಲಿ. ಅದು ಚೆಂದದ ಪ್ಲ್ಯಾನೇ, ಇಲ್ಲ ಅನ್ನುವುದಿಲ್ಲ. ಆದರೆ ಈಗ ನಮಗೆ ಅದು ಆಗುವುದಿಲ್ಲ. ಹೋದ ತಿಂಗಳು ನೀವು "ಪ್ಲ್ಯಾನ್ ಮುಟ್ಬೇಡ ಕಣೇ, ನೀವಿರಿ ಅದ್ರಲ್ಲಿ. ನಾನಿಲ್ಲೇ ಒಲ್ಗೆ ಕಲ್ತ್ಕಂಡು ಉಳ್ಕತೀನಿ" ಅಂದಿರಿ. ಆ ಮಾತಿಗೆ ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಹೊಲಿಗೆ ಕಲಿಯಿರಿ, ಒಳ್ಳೆಯದೇ, ನನ್ನ ರವಿಕೆಗಳಿಗೆ ಕೂಲಿ ಉಳಿಯುತ್ತದೆ. ಕಲಿತು ಬಂದು ನಮ್ಮ ಹಜಾರದಲ್ಲಿ ಹೊಲಿಯಿರಿ. ಮಿಷನ್ನಿಗೆ ಪೂರ್ವದ ಕಿಟಕಿಯ ಪಕ್ಕ ಜಾಗ ಬಿಡಿಸಿದ್ದೇನೆ.

ಹೋದ ಗುರುವಾರ ಗಾರೆ ಕೆಲಸದ ಕಲ್ಲಯ್ಯ ಸೈಟಿನಲ್ಲಿ ದಾರ ಹಿಡಿದು, ಗೋಡೆ ಬರುವ ಕಡೆಯಲ್ಲೆಲ್ಲ ಸುಣ್ಣದ ಪುಡಿಯಲ್ಲಿ ಗೆರೆ ಹಾಕಿದ. ಬಿಳಿಗೆರೆಯ ನಿಮ್ಮ ಸೋದರತ್ತೆಯ ಗಾಲಿಕುರ್ಚಿಯನ್ನು ಒಂದು ವಾರಕ್ಕೆ ಕೇಳಿ ತಂದಿದ್ದೆ. ಬೀದಿಯವರೆಲ್ಲ ನೋಡುತ್ತಿದ್ದ ಹಾಗೇ ಸೆರಗು ಬಿಗಿದು ಅದರಲ್ಲಿ ಕೂತೆ. ಗೆರೆಯ ಮನೆಯೊಳಗೆ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಕೋಣೆಗೆ ಹೋದೆ. ಬಚ್ಚಲಿಗೆ ತಿರುಗುವಾಗ ಚಕ್ರ ಗೆರೆ ತುಳಿಯಿತು. ಅಳಿಸಿ ಹಾಕಯ್ಯ ಅಂದೆ. ಮೂರು ಸಲ ಅಳಿಸಿದ. "ಬಚ್ಲು ರೂಮ್ಗಿಂತ ದೊಡ್ಡದಾಯ್ತದೆ ಕಣಕ್ಕ" ಅಂತ ಗೊಣಗಿದ. ಆಗಲಿ ಅಂದೆ. ಮಣ್ಣಿನಲ್ಲಿ ಚಕ್ರ ತಳ್ಳಿ ತಳ್ಳಿ ಸಂಜೆಗೆ ತೋಳು ಎತ್ತಲಾಗಲಿಲ್ಲ. ಎಂಟು ತಿಂಗಳಿಂದ ನೀವು ಪಡುತ್ತಿರುವುದು ನನಗೆ ಅರ್ಥವಾಗಿದ್ದು ಅವತ್ತೇ ರೀ.

ಮೆಟ್ಟಿಲು ಬೇಡ, ಇಳಿಜಾರು ಸಾಕು ಅಂದಾಗ ಮಾವನವರು ಒಪ್ಪಿದರು. ಹೊಸಿಲೂ ಬೇಡ ಅಂದಾಗ ಮಾತ್ರ ತಟ್ಟೆ ಬಿಟ್ಟು ಎದ್ದರು. "ಒಸ್ಲಿಲ್ದಿದ್ದು ಒಂದ್ ಮನೆಯಾ? ಸುಕ್ರವಾರ ಅರಿಸ್ನ ಕುಂಕ್ಮ ಎಲ್ಲಿಗಿಕ್ಕೀಯೆ?" ಎರಡು ದಿನ ನನ್ನ ಜೊತೆ ಮಾತು ಬಿಟ್ಟರು. ನಾನೂ ಹಠ ಬಿಡಲಿಲ್ಲ. ಭಾನುವಾರ ಬೆಳಿಗ್ಗೆ ಸೈಟಿಗೆ ಹೋಗಿ ನೋಡಿದರೆ, ಮಾವನವರೇ ಆ ಕುರ್ಚಿಯಲ್ಲಿ ಕೂತಿದ್ದರು. ಬಾಗಿಲು ಬರುವ ಜಾಗದಲ್ಲಿ ಅಡ್ಡಲಾಗಿ ಒಂದು ಮರದ ತುಂಡು ಇಟ್ಟುಕೊಂಡು, ಅದನ್ನು ದಾಟಲು ಒಬ್ಬರೇ ತಿಣುಕುತ್ತಿದ್ದರು. ಚಕ್ರ ಏರಲಿಲ್ಲ. ನನ್ನನ್ನು ನೋಡಿ ಟವೆಲಿನಲ್ಲಿ ಮುಖ ಒರೆಸಿಕೊಂಡು, "ಒಸ್ಲ ನೆಲದೊಳಕ್ಕೆ ಸಮಕ್ಕೆ ಊತ್ಬುಡ್ಸವ್ವ. ಪೂಜೆನೂ ಆಯ್ತದೆ, ನನ್ ಮಗ್ನೂ ಒಳಿಕ್ ಬತ್ತಾನೆ" ಅಂದರು. ಆಗ ಮಾತ್ರ ನನಗೆ ಅಳು ಬಂತು. ಹೊಸಿಲು ಹಾಗೇ ಬರುತ್ತದೆ, ನೆಲಕ್ಕೆ ಸಮವಾಗಿ.

ಮಾವನವರು ಆಶೀರ್ವಾದ ತಿಳಿಸಿದ್ದಾರೆ. ನಂಜುಂಡೇಶ್ವರ ನಿಮ್ಮ ತೋಳಿಗೆ ಶಕ್ತಿ ಕೊಡಲಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ ನಿಮ್ಮ,
ಮಂಗಳ

ತಾ.ಕ.: ಬರೆಯಬೇಕಾದ್ದೇ ಉಳಿದುಹೋಯಿತು. ಆಚಾರಿ ಇಪ್ಪತ್ನಾಲ್ಕನೇ ತಾರೀಕು ಸೋಮವಾರ ಬಾಗಿಲುಗಳಿಗೆ ಮರ ಕೊಯ್ಯುತ್ತಾನೆ. ಸೋದರತ್ತೆಯ ಕುರ್ಚಿ ಚಿಕ್ಕದು, ನನಗೆ ನಿಮ್ಮ ಅಳತೆ ಬೇಕು. ನೀವು ಕುರ್ಚಿಯಲ್ಲಿ ಕೂತು ಎರಡೂ ಕೈ ಚಕ್ರದ ಮೇಲಿಟ್ಟಾಗ, ಈ ಮೊಣಕೈಯಿಂದ ಆ ಮೊಣಕೈಗೆ ಎಷ್ಟು ಇಂಚು ಅಂತ ಅಳೆಸಿ ಕಳಿಸಿ. ಬೇರೇನೂ ಬರೆಯದಿದ್ದರೂ ಪರವಾಗಿಲ್ಲ. ಇಪ್ಪತ್ತೆರಡನೇ ತಾರೀಕು ಶನಿವಾರದೊಳಗೆ ಬರದಿದ್ದರೆ ಭಾನುವಾರ ಮೊದಲನೇ ಬಸ್ಸಿಗೆ ಟೇಪು ಹಿಡಿದು ನಾನೇ ಬರುತ್ತೇನೆ. ಅಳೆಯದೆ ವಾಪಸು ಹೋಗುವವಳಲ್ಲ.