ಹಲ್ಲಿನ ಸೆಟ್ಟು ಹೋದ ಸಂಜೆ

ನವೆಂಬರ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಎರಡು ಪತ್ರಕ್ಕೂ ಉತ್ತರ ಬರೆಯದೆ ಕೂತಿದ್ದೇನೆಂದು ಸಿಟ್ಟಾಗಿರುತ್ತೀಯ. ಎಷ್ಟು ಬೇಕೋ ಅಷ್ಟು ಬೈದುಕೋ. ಬಲಗೈ ಮಣಿಕಟ್ಟಿಗೆ ಪಟ್ಟಿ ಕಟ್ಟಿದ್ದರು, ಮೊನ್ನೆಯಷ್ಟೇ ಬಿಚ್ಚಿದರು. ಗಾಬರಿಯಾಗಬೇಡ, ಮೂಳೆ ಮುರಿದಿಲ್ಲ. ಅಕ್ಷರ ಸೊಟ್ಟಗಿದ್ದರೆ ನಗಬೇಡ, ಅಷ್ಟೇ.

ನಮ್ಮ ಓಣಿ ನೀನು ನೋಡಿದ ಹಾಗಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಅರ್ಧ ಮನೆಗಳು ಖಾಲಿ. ಬೀದಿದೀಪದ ತಂತಿಯನ್ನೂ ಯಾರೋ ಕಿತ್ತು ಮಾರಿಕೊಂಡರು. ಕತ್ತಲಾದರೆ ಚೀಲ ಕೀಳುವವರು, ಚಾಕು ತೋರಿಸುವವರು. ಅದಕ್ಕೇ ಎಲ್ಲರೂ ಸೇರಿ ಓಣಿಯ ಬಾಯಿಗೆ ತಗಡಿನ ಗೇಟು ಹಾಕಿಸಿದ್ದೇವೆ. ಹೊತ್ತು ಮುಳುಗಿದರೆ ಬೀಗ. ಬೀಗದ ಕೈ ವಾರಕ್ಕೊಂದು ಮನೆಯಲ್ಲಿ, ತಡವಾಗಿ ಬರುವವರು ಫೋನ್ ಮಾಡಬೇಕು. ಎದುರು ಮನೆಯ ನಿವೃತ್ತ ಕಂಡಕ್ಟರ್ ತಮಗೆ ತಾವೇ ಓಣಿಯ ಅಧ್ಯಕ್ಷರಾಗಿದ್ದಾರೆ. "ಯಾರು ತಟ್ಟಿದ್ರೂ ಒಬ್ಬರೇ ಹೋಗಿ ತೆಗೀಬೇಡಿ. ಹೆಂಗಸರ ದನಿಯಲ್ಲಿ ಕರೀತಾರೆ, ತೆಗೆದ್ರೋ ಮುಗೀತು ಕಥೆ" ಎಂದು ಮನೆಮನೆಗೂ ಹೇಳಿ ಬಂದರು. ಬಸ್ಸಿನಲ್ಲಿ ಟಿಕೆಟ್ ಹರಿಯುವಾಗಲೂ ಅವರಿಗೆ ಇಷ್ಟು ಹುರುಪು ಇತ್ತೋ ಇಲ್ಲವೋ.

ಅವತ್ತು ಹಲ್ಲು ಕಟ್ಟುವ ಲ್ಯಾಬಿನಲ್ಲಿ ನನಗೆ ತಡವಾಯಿತು. ಬಸ್ಸಿಳಿದು ಗೇಟಿನ ಹತ್ತಿರ ನಿಂತು ಫೋನಿಗೆಂದು ಚೀಲಕ್ಕೆ ಕೈ ಹಾಕಿದೆ. ಹಿಂದಿನಿಂದ ಇಬ್ಬರು ಬಂದು ಚೀಲ ಎಳೆದರು. ನಾನು ಬಿಡಲಿಲ್ಲ, ನನ್ನ ಮೊಂಡುತನ ನಿನಗೆ ಗೊತ್ತೇ ಇದೆ. ಕೈ ತಿರುಚಿದರು, ನೂಕಿದರು, ಬಿದ್ದೆ. ಅವರಿಗೆ ದಕ್ಕಿದ್ದೇನು? ಹಳೇ ಫೋನು, ಖಾಲಿ ಡಬ್ಬಿ, ಮನೆಯಲ್ಲಿ ಪಾಲಿಶ್ ಮಾಡೋಣವೆಂದು ತಂದಿದ್ದ ಯಾರೋ ಮೇಷ್ಟ್ರ ಹಲ್ಲಿನ ಸೆಟ್ಟು. ಪಾಪ, ಮೇಷ್ಟ್ರು ಮಾರನೆಯ ದಿನ ಲ್ಯಾಬಿಗೆ ಬಂದು ಬಾಯಿಗೆ ಕರವಸ್ತ್ರ ಹಿಡಿದುಕೊಂಡೇ ಬೈದರಂತೆ. ಏನು ಬೈದರೆಂದು ಒಬ್ಬರಿಗೂ ತಿಳಿಯಲಿಲ್ಲವಂತೆ. ನಕ್ಕರೆ ಪಕ್ಕೆ ನೋಯುತ್ತಿತ್ತು, ಆದರೂ ನಕ್ಕೆ.

ಒಬ್ಬ ಚೀಲ ತೆಗೆದುಕೊಂಡು ಓಡಿದ. ಇನ್ನೊಬ್ಬ ಕೈಗಡಿಯಾರಕ್ಕೆಂದು ಮತ್ತೆ ಬಗ್ಗಿದ. ಬಿದ್ದಲ್ಲಿಂದಲೇ ಗೇಟು ಬಡಿದೆ. ಕಂಡಕ್ಟರು ನಾಲ್ಕು ಜನರನ್ನು ಸೇರಿಸಿ, ಕೋಲು ಹಿಡಿದು, ತಮ್ಮಲ್ಲಿದ್ದ ಇನ್ನೊಂದು ಬೀಗದ ಕೈಯಿಂದ ತೆಗೆಯುವ ಹೊತ್ತಿಗೆ ಎಲ್ಲ ಮುಗಿದಿತ್ತು. ನಮ್ಮ ಮನೆಯವರೂ ಅವರ ಹಿಂದೆಯೇ ಓಡಿಬಂದರು. "ಅಯ್ಯೋ, ಟಿವಿ ಮುಂದೆ ಕಣ್ಣು ಹತ್ತಿಬಿಟ್ಟಿತ್ತು ಕಣೇ" ಎಂದು ಅಳುತ್ತಾ ಎಬ್ಬಿಸಿದರು.

ಅಂದಿನಿಂದ ಇವರು ನನ್ನನ್ನು ಅಂಗೈಯಲ್ಲಿಟ್ಟು ನೋಡಿಕೊಳ್ಳುತ್ತಿದ್ದಾರೆ. ತಲೆ ಬಾಚುತ್ತಾರೆ, ಪಾತ್ರೆ ತೊಳೆಯುತ್ತಾರೆ. ಕಿಟಕಿಗೆ ಇನ್ನೊಂದು ಸಾಲು ಸರಳು, ಬಾಗಿಲಿಗೆ ಹೊಸ ಬೀಗ. ಲ್ಯಾಬಿನ ಕೆಲಸವನ್ನೂ ಮನೆಗೇ ತಂದುಕೊಡುತ್ತಾರೆ. "ನೀನು ಹೊರಗೆ ಕಾಲಿಡೋದೇ ಬೇಡ, ನಾನಿದ್ದೀನಲ್ಲ" ಎನ್ನುತ್ತಾರೆ. ದಿನವಿಡೀ ಮೇಜಿನ ಮೇಲೆ ಬೇರೆಯವರ ಹಲ್ಲುಗಳು, ಎದುರಿಗೆ ನಾನು. ಉಸಿರು ಕಟ್ಟುತ್ತದೆ ಅಕ್ಕ. ಹಿಂದಿನ ಕೋಣೆ ಖಾಲಿಯಿದೆ, ಬಂದುಬಿಡು ಎಂದು ಬರೆದಿದ್ದೀಯ. ಬರಬೇಕೆಂದು ಜೀವ ಒದ್ದಾಡುತ್ತದೆ. ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಗಂಡನನ್ನು ಬಿಟ್ಟು ಯಾಕೆ ಹೊರಟೆ ಎಂದರೆ ಏನು ಹೇಳಲಿ?

ಭಾವನ ಮಂಡಿನೋವು ಹೇಗಿದೆ? ಮಕ್ಕಳಿಗೆ ನನ್ನ ಆಶೀರ್ವಾದ, ಚಿಕ್ಕವಳಿಗೆ ಒಂದು ಮುತ್ತು ಹೆಚ್ಚಿಗೆ. ಎಲ್ಲರೂ ಹೊತ್ತು ಮುಳುಗುವ ಮುಂಚೆ ಮನೆ ಸೇರಿಕೊಳ್ಳಿ.

ನಿನ್ನ,
ಪುಟ್ಟಿ

ತಾ.ಕ.: ಇದನ್ನು ಬರೆಯಬಾರದೆಂದೇ ಮೇಲೆ ಸಹಿ ಹಾಕಿದೆ. ಆ ವಾರ ಬೀಗದ ಕೈ ನಮ್ಮ ಮನೆಯಲ್ಲೇ ಇತ್ತು. ನೆಲಕ್ಕೆ ಬಿದ್ದಿದ್ದೆನಲ್ಲ, ಗೇಟಿನ ಕೆಳಗಿನ ಸಂದಿಯಲ್ಲಿ, ಒಳಗೆ ನಾವೇ ಕಟ್ಟಿದ ಬಲ್ಬಿನ ಬೆಳಕು ಕಾಣುತ್ತಿತ್ತು. ಆ ಬೆಳಕಿನಲ್ಲಿ ಇವರ ಚಪ್ಪಲಿ. ಕಿತ್ತುಹೋದ ಪಟ್ಟಿಯನ್ನು ನೀಲಿ ದಾರದಲ್ಲಿ ಹೊಲಿದವಳು ನಾನೇ, ತಪ್ಪುವ ಮಾತಿಲ್ಲ. "ರೀ, ನಾನು ರೀ, ತೆಗೀರಿ" ಅಂದೆ. ಒಂದು ಹೆಜ್ಜೆ ಮುಂದೆ ಬಂದರು, ನಿಂತರು, ಆಮೇಲೆ ಸದ್ದಿಲ್ಲದೆ ಹಿಂದೆ ಸರಿದರು. ನನ್ನ ದನಿ ಗುರುತು ಸಿಗಲಿಲ್ಲವೋ, ಸಿಕ್ಕಿತೋ, ಕೇಳುವ ಧೈರ್ಯ ನನಗಿಲ್ಲ.

ನಿನ್ನೆ ಮಲಗುವ ಮುಂಚೆ ಕೈಗೆ ಮುಲಾಮು ಹಚ್ಚುತ್ತಾ, "ಅವತ್ತು ತುಂಬಾ ಕೂಗಿದೆಯೇನೇ?" ಅಂತ ಕೇಳಿದರು. "ಇಲ್ಲ, ಗಂಟಲೇ ಹೊರಡಲಿಲ್ಲ" ಅಂದೆ. ಮುಖ ಎಷ್ಟು ಹಗುರಾಯಿತು ಗೊತ್ತೇ ಅಕ್ಕ? ದೀಪ ಆರಿಸಿ ಮಲಗಿದವರೇ ಗೊರಕೆ ಹೊಡೆದರು.