ಮೊದಲ ಖಾತೆ

ಅಣ್ಣನಿಗೆ,

ನಿನ್ನ ಬ್ಲಾಗಿಗೆ ತಗುಲಿದ ಖರ್ಚು ಮೊದಲೇ ಹೇಳಿಬಿಡುತ್ತೇನೆ: ಸರ್ವರಿನ ಬಾಡಿಗೆ ನಿನ್ನದು, ತಂತ್ರಾಂಶ ಪುಕ್ಕಟೆ, ಅದನ್ನು ಕೂರಿಸಲು ಹೋದ ಎರಡು ಭಾನುವಾರ ನನ್ನವು.

ಅಂದು ನನ್ನ ಅಂಗಡಿಯ ಕಂಪ್ಯೂಟರಿನ ಮುಂದೆ ನೀನೂ ಕೂತಿದ್ದೆ. ಕೊನೆಯ ಪುಟ ಮಾಲೀಕರ ಹೆಸರು ಕೇಳಿತು. ಅಲ್ಲಿ ಮೊದಲು ಖಾತೆ ತೆರೆದವರೇ ಯಜಮಾನರು. ಆಮೇಲೆ ಬಂದವರು ಅವರು ಬಿಟ್ಟಷ್ಟೇ ಬರೆಯಬಹುದು. "ಓದಿ ನೋಡಣ್ಣಾ" ಅಂದೆ. "ಏನೋ ಒಂದು ತುಂಬೇ, ಟೀ ಆರಿಹೋಗ್ತಿದೆ" ಅಂದೆ ನೀನು. ನನ್ನ ಹೆಸರು ತುಂಬಿದೆ.

ಅಪ್ಪ ತೀರಿಕೊಂಡ ವಾರವೇ ಮನೆ ಪತ್ರ ಮುಂದಿಟ್ಟು ನೀನು ಹೀಗೇ ಅಂದಿದ್ದೆ, "ಓದೋಕೇನಿದೆ, ಸಹಿ ಹಾಕೇ." ಹಾಕಿದೆ. ನನ್ನ ಪಾಲೂ ನಿನ್ನದಾಯಿತು.

ಇನ್ನು ಮುಂದೆ ನಾನು ಒಪ್ಪಿದರಷ್ಟೇ ನಿನ್ನ ಬರಹ ಪ್ರಕಟವಾಗುತ್ತದೆ. ಗಾಬರಿಯಾಗಬೇಡ, ಹಳೆಯದೇನೂ ಅಳಿಸಿಲ್ಲ. ನಿನ್ನೆ ಹಾಕಹೊರಟ 'ಒಡಹುಟ್ಟಿದವರ ಋಣ' ಓದಿದೆ, ಕಣ್ಣು ತುಂಬಿತು. ಅದಕ್ಕೆ ಮನೆ ಪತ್ರದ ಸಂಗತಿಯನ್ನೂ ಸೇರಿಸಿ ಶುಕ್ರವಾರದೊಳಗೆ ಕಳಿಸು. ನಿನಗೆ ಪುರುಸೊತ್ತಿಲ್ಲದಿದ್ದರೆ ನಾನೇ ಸೇರಿಸುತ್ತೇನೆ. ಕೆಳಗೆ ಹೆಸರು ಮಾತ್ರ ನಿನ್ನದೇ ಇರುತ್ತದೆ.

ಅಲ್ಲಿಗೆ ನಿನಗೆ ಅಪ್ಪನ ಮನೆ, ನನಗೆ ನಿನ್ನನ್ನು "ಗುರುಗಳೇ" ಅನ್ನುವ ಓದುಗರು. ಈ ಪತ್ರ ತೋರಿಸದಿದ್ದರೆ ಅತ್ತಿಗೆಗೆ ಶುಕ್ರವಾರದವರೆಗಿನ ನಿದ್ದೆ.

ಇಂತಿ,
ಓದದೆ ಸಹಿ ಹಾಕಿದ ತಂಗಿ